ಹತ್ತಿ ಹೂವಿಗೆ ಕಟ್ಟಿದ ದಾರ

ಗದಗಿನಿಂದ ಹೊರಟ ಮೊದಲ ಬಸ್ಸು ಹಿರೇವಡ್ಡಟ್ಟಿ ಮುಟ್ಟಿದಾಗ ಎಂಟಕ್ಕೆ ಹತ್ತು ನಿಮಿಷ ಬಾಕಿ ಇತ್ತು. ಮಾರ್ತಾಂಡ ಏಳೂವರೆಯಿಂದ ಬೇವಿನ ಮರದ ಕೆಳಗೆ ನಿಂತಿದ್ದ. ಕೈಯಲ್ಲಿ ಒಂದು ಉಬ್ಬಿದ ಲಕೋಟೆ.

ಇಳಿದವರು ಮೂವರು. ಕೊನೆಯವಳು ತಾರಾಬಾಯಿ. ಸೀಗಿ ಹುಣ್ಣಿಮೆಗೆಂದು ಗುರುವಾರ ಸಂಜೆ ಬೆಟಗೇರಿಯ ಮನೆಗೆ ಹೋದವಳು ಶನಿವಾರ ಬೆಳಿಗ್ಗೆ ಮರಳಿದ್ದಳು.

"ತಗೋರಿ ಮಾಸ್ತರ್ರ, ನಿಮ್ಮ ಪಾರ್ಸಲ್ ಬಂತು," ಎಂದ ಕಂಡಕ್ಟರ್ ದಾದಾಪೀರ, ಬಾಗಿಲಲ್ಲೇ ನಿಂತು.

ತಾರಾ ತಿರುಗಿ ನೋಡಿದಳು. "ಪಾರ್ಸಲ್ ಅಂದಮ್ಯಾಲೆ ನನಗ ಸೀಟಿನ ಟಿಕೀಟು ಯಾಕ ಹರದ್ರಿ?"

"ತಪ್ಪಾತ್ರಿ ಬಾಯಾರ. ಏನ್ ಮಾಡೂದು, ನನ್ನ ಬಸ್ಸಿನ ತುಂಬ ಬರೇ ಸಂಶೋಧನಾದವ್ರ. ಕಪ್ಪತಗುಡ್ಡಕ್ಕ ಕಲ್ಲು ಒಡಿಯಾಂವ ಒಬ್ಬಾಂವ, ಡಂಬಳದಾಗ ಶಾಸನ ಓದಾಂವ ಒಬ್ಬಾಂವ, ಹೂವಿಗೆ ನೀವು, ಹಾಡಿಗೆ ಇವರು. ಏನೂ ಹುಡುಕದಾಂವ ನಾ ಒಬ್ಬನ."

"ನೀವೂ ಹುಡುಕತೀರಿ. ಟಿಕೀಟಿಲ್ಲದಾಂವ ಯಾವ ಸೀಟಿನ ಹಿಂದ ಕುಂತಾನಂತ."

ಬಸ್ಸು ನಗುತ್ತ ಹೋಯಿತು. ತಾರಾ ಕೊಡೆಯ ಪಟ್ಟಿ ಕಟ್ಟುತ್ತ ಮಾರ್ತಾಂಡನನ್ನು ನೋಡಿದಳು. ಪಟ್ಟಿ ಕಟ್ಟುವುದು ಮುಗಿದ ಮೇಲೂ ಒಂದು ಕ್ಷಣ ನೋಡಿದಳು. ಅಷ್ಟು ಅವನಿಗೆ ಸಾಕಾಗಿತ್ತು.

ಅವನು ಲಕ್ಷ್ಮೇಶ್ವರದ ಶಾಲಾ ಮಾಸ್ತರರ ಮಗ. ಧಾರವಾಡದಲ್ಲಿ ಎಂ.ಎ. ಮುಗಿಸಿ, ಗದಗ, ಶಿರಹಟ್ಟಿ, ಮುಂಡರಗಿ ಸೀಮೆಯ ಹೆಂಗಸರ ಹಬ್ಬದ ಹಾಡುಗಳ ಮೇಲೆ ಡಾಕ್ಟರೇಟಿಗೆ ಕೆಲಸ ಮಾಡುತ್ತಿದ್ದ. ಅವಳು ಪುಣೆಯಲ್ಲಿ ಸಸ್ಯಶಾಸ್ತ್ರ ಓದಿ ಬಂದವಳು. ಮುಂಬಯಿ ಸರಕಾರದ ಖಾತೆಯೊಂದು ಈ ಊರಲ್ಲಿ ಗುತ್ತಿಗೆಗೆ ಹಿಡಿದ ಹತ್ತು ಗುಂಟೆಯಲ್ಲಿ ಹತ್ತಿಯ ಹೊಸ ತಳಿ ಬೆಳೆಸುತ್ತಿತ್ತು. ಅದರ ಜವಾಬ್ದಾರಿ ಅವಳದು.

ಆರು ವಾರಗಳ ಹಿಂದೆ ಇದೇ ಬಸ್ಸಿನಲ್ಲಿ ಅವಳು, "ಅವ್ವಂದಿರ ಹಾಡು ಬರಕೊಂಡ್ರ ಡಾಕ್ಟರ ಅಂತಾರೇನ್ರಿ?" ಎಂದು ಕೇಳಿದ್ದಳು. "ಗಿಡದ ಮುಂದ ಕೂತ್ರ ಪಗಾರ ಕೊಡೂದಿಲ್ಲೇನ್ರಿ, ಹಂಗ," ಎಂದಿದ್ದ ಅವನು. ಅಲ್ಲಿಂದ ಶುರುವಾದದ್ದು. ಒಂಬತ್ತು ದಿನಗಳ ಹಿಂದೆ ಅವನು ಈ ಊರಿಗೇ ಬಂದು ಶಾಲೆಯ ಹಿಂದಿನ ಕೋಣೆ ಹಿಡಿದಿದ್ದ. ಇಲ್ಲಿ ಹಾಡು ಹೆಚ್ಚು ಸಿಗುತ್ತವೆ ಎಂದು ಎಲ್ಲರಿಗೂ ಹೇಳಿದ್ದ. ಅವಳ ಹೊಲವನ್ನು ಮಾತ್ರ ನೋಡಿರಲಿಲ್ಲ. "ಕೆಲಸದ ಹೊತ್ತಿನಾಗ ಆ ಕಡೆ ಬರಬ್ಯಾಡ್ರಿ. ನಿಮ್ಮನ್ನ ಕಂಡ್ರ ನಮ್ಮ ಹೆಣ್ಣಮಕ್ಕಳ ಕೈ ನಿಂತು ಬಾಯಿ ಶುರು ಆಗ್ತದ," ಎಂದು ಅವಳೇ ಹೇಳಿದ್ದಳು.

"ನಿಮಗೊಂದು ತೋರಸ್ಬೇಕು," ಎಂದ ಮಾರ್ತಾಂಡ. "ನಿಮ್ಮ ಸೈನ್ಸಿನಾಗ ಇಂಥಾದ್ದು ಇರ್ಲಿಕ್ಕಿಲ್ಲ."

ಲಕೋಟೆಯ ಬಾಯಿ ಬಿಚ್ಚಿ ಅಂಗೈಗೆ ಸುರಿದ. ಗೇಣಿಗಿಂತ ಚಿಕ್ಕ ಕೆಂಪು ದಾರದ ತುಂಡುಗಳು.

"ಮುನ್ನೂರಾ ಹನ್ನೆರಡು ಅವ. ನಾನೇ ಎಣಿಸೀನಿ. ನಿನ್ನೆ ಸೀಗಿ ಹುಣ್ಣಿವಿ, ಭೂಮಿತಾಯಿ ಬಸಿರಿ ಇರೂ ದಿನ ಅಲ್ಲೇನ್ರಿ, ಬಸಿರಿ ಮೈಮ್ಯಾಲೆ ಗಂಟು ಇರಬಾರದಂತ. ಮೂರು ವಾರದಿಂದ ಎಂಟು ಮಂದಿ ಹೆಣ್ಣಮಕ್ಕಳು ದಿನಾ ಸಂಜೀಕೆ ಹೂವಿಗೆ ದಾರ ಕಟ್ಟಿದ್ರಂತ. ಹುಣ್ಣಿವಿ ದಿನ ಹೊಲಕ್ಕ ಚರಗದ ಎಡಿ ಚೆಲ್ಲಿ, ಹಾಡಕೋತ ಎಲ್ಲಾ ಬಿಚ್ಚಿದ್ರು. ಇದನ್ನ ಇಲ್ಲೀತನಕ ಯಾರೂ ಬರದಿಟ್ಟಿಲ್ಲ. ರಾತ್ರಿನ ಲೇಖನ ಬರದೆ, ನಸಿಕಿನ ಬಸ್ಸಿಗೆ ಧಾರವಾಡಕ್ಕ ಕಳಿಸಿದೆ. ಏಕೀಕರಣದ ವಿಶೇಷ ಸಂಚಿಕಿಗೆ."

ತಾರಾ ಒಂದು ದಾರ ಎತ್ತಿ ಬೆಳಕಿಗೆ ಹಿಡಿದಳು. ಅವಳ ಮುಖದಲ್ಲಿದ್ದ ನಗು ಮೊದಲು ಕಣ್ಣಿನಿಂದ ಹೋಯಿತು, ಆಮೇಲೆ ತುಟಿಯಿಂದ.

"ಯಾರ ಹೊಲದಾಗ?"

"ಅಮೃತವ್ವನ ತಮ್ಮನ ಹೊಲ. ಮೂಲ್ಯಾಗ ಒಂದು ಹತ್ತು ಗುಂಟೆ..."

"ನೀವೂ ಬಿಚ್ಚಿದ್ರೇನು?"

"ನಾಕು ಬಿಚ್ಚಿದೆ. ಬಿಚ್ಚಲಾರದ ಗಂಡಸಿಗೆ ಹಾಡು ಕೊಡೂದಿಲ್ಲ ಅಂದ್ರು."

ಅವಳು ದಾರವನ್ನು ಅವನ ಅಂಗೈಯಲ್ಲಿ ಇಟ್ಟಳು. ಮನೆಯ ಕಡೆ ಹೋಗಲಿಲ್ಲ. ಚೀಲ ಹೆಗಲಲ್ಲಿ ಇದ್ದಂತೆಯೇ ಹೊಲದ ದಾರಿ ಹಿಡಿದಳು. ಮೊದಲು ನಡೆದಳು, ಹಳ್ಳ ದಾಟಿದ ಮೇಲೆ ಓಡಿದಳು. ಮಾರ್ತಾಂಡ ಲಕೋಟೆ ಹಿಡಿದು ಹಿಂದೆಯೇ ಹೋದ.

* * *

ಅರವತ್ತು ಗಿಡಗಳು. ಪ್ರತಿ ಗಿಡಕ್ಕೂ ಸಣ್ಣ ತಗಡಿನ ನಂಬರು. ಹಳದಿ ಹೂವುಗಳು ಬಿಸಿಲಿಗೆ ಬಾಯಿ ತೆರೆದಿದ್ದವು. ಜೇನುಹುಳುಗಳು ಒಂದರಿಂದ ಇನ್ನೊಂದಕ್ಕೆ ಹಾರುತ್ತಿದ್ದವು. ಎಲ್ಲಿಯೂ ಒಂದು ಕೆಂಪು ದಾರ ಇರಲಿಲ್ಲ.

ನಂಬರಿನ ತಗಡುಗಳನ್ನು ಮಾರ್ತಾಂಡ ನಿನ್ನೆ ನೋಡಿದ್ದ. ನೋಡಿ, ರೈತ ಗುರುತಿಗೆ ಹಾಕಿಕೊಂಡಿರಬೇಕು ಎಂದುಕೊಂಡಿದ್ದ.

ತಾರಾ ಬದುವಿನ ಮೇಲೆ ಕುಳಿತು, ಯಾರಿಗೋ ಪಾಠ ಹೇಳುವ ದನಿಯಲ್ಲಿ ಹೇಳಿದಳು. ನಾಳೆ ಅರಳುವ ಮೊಗ್ಗಿನ ತುದಿಗೆ ಇಂದು ಸಂಜೆ ದಾರ ಕಟ್ಟುವುದು. ಕಟ್ಟಿದ ಹೂವು ಬಾಯಿ ಬಿಡುವುದಿಲ್ಲ, ಜೇನುಹುಳು ಬೇರೆ ಗಿಡದ ಪರಾಗ ತರುವುದಿಲ್ಲ, ಕಾಯಿಯೊಳಗಿನ ಬೀಜ ಶುದ್ಧ ಉಳಿಯುತ್ತದೆ. ಹೂವು ಉದುರಿದರೂ ದಾರದ ಇನ್ನೊಂದು ತುದಿ ತೊಟ್ಟಿಗೆ ಇರುತ್ತದೆ. ಸುಗ್ಗಿಯಲ್ಲಿ ದಾರ ಇದ್ದ ಕಾಯಿ ಮಾತ್ರ ಬೀಜಕ್ಕೆ. ಹೀಗೆ ನಾಲ್ಕು ವರ್ಷ, ನಾಲ್ಕು ಪೀಳಿಗೆ. ಈಗ ಗಿಡದ ಮೇಲಿರುವ ಕಾಯಿಗಳಲ್ಲಿ ಯಾವುದು ಕಟ್ಟಿದ್ದು, ಯಾವುದು ಕಟ್ಟದ್ದು, ಯಾರೂ ಹೇಳಲಾರರು.

"ಆ ಎಂಟು ಮಂದಿ ನನ್ನ ಕೂಲಿಯವರು," ಎಂದಳು. "ಅವರು ಕಟ್ಟಿದ್ದು ನಾ ಹೇಳೀನಂತ. ಯಾಕ ಬಿಚ್ಚತೀರಿ ಅಂತ ಕೇಳಿದ್ರಿ. ಯಾಕ ಕಟ್ಟೀರಿ ಅಂತ ಯಾಕ ಕೇಳಲಿಲ್ಲ?"

ಕೇಳಿದ್ದರೆ ಅವರು ಹೇಳುತ್ತಿದ್ದರು. ತನಗೆ ಬೇಕಾದದ್ದು ಸಿಕ್ಕಿತೆಂದು ಅವನು ಪೆನ್ನಿನ ಟೋಪಿ ಮುಚ್ಚಿದ್ದ.

ಅಷ್ಟರಲ್ಲಿ ಹೆಂಗಸರು ಬಂದರು. ಮುಂದೆ ಅಮೃತವ್ವ; ತಾರಾ ಬಾಡಿಗೆಗಿದ್ದದ್ದು ಅವಳ ಮನೆಯಲ್ಲೇ. ಹಿಂದೆ ಗುಲಾಬಬಿ, ಉಡಚವ್ವ, ಉಳಿದವರು. ಬದುವಿನ ಮೇಲಿನ ಇಬ್ಬರನ್ನು ನೋಡಿ ಗುಲಾಬಬಿ ಸೆರಗು ಬಾಯಿಗೆ ಹಿಡಿದಳು.

"ಇದೇನ್ರಿ ಯಕ್ಕಾರ, ಮುಂಜಾನೆದ್ದ ಕೂಡ್ಲೆ ಮಾಸ್ತರ್ರ ಪರೀಕ್ಷಾ ಚಾಲೂ ಮಾಡೀರಿ?"

ತಾರಾ ನಗಲಿಲ್ಲ. ಗುಲಾಬಬಿ ಸೆರಗು ಕೆಳಗೆ ಬಿಟ್ಟಳು.

"ದಾರ ಬಿಚ್ಚಿದ್ದಕ್ಕ ಸಿಟ್ಟೇನವ್ವಾ?" ಎಂದಳು ಅಮೃತವ್ವ. "ಭೂಮಿತಾಯಿ ಬಸಿರಿದ್ದಾಗ ಗಂಟು ಇರಬಾರ್ದು. ನನ್ನ ಸೊಸಿ ಹಡಿಯೂ ಹೊತ್ತಿನಾಗ ಪೆಟಗಿ ಕೀಲಿ ಸೈತ ತಗದಿದ್ವಿ. ಇಕಾ, ಈಗ ಮತ್ತ ಕಟ್ಟತೀವಿ. ಮಧ್ಯಾಹ್ನಕ್ಕ ಮುಗೀತೈತಿ."

"ಯಾವ ಕಾಯಿಗೆ ಕಟ್ಟತಿ, ಅಮೃತವ್ವ?"

"ಕಂಡ ಕಾಯಿಗೆ."

"ಅದಕ್ಕ ಬ್ಯಾಡಂತೀನಿ. ಹಳೇ ಕಾಯಿ ಯಾರೂ ಮುಟ್ಟಬ್ಯಾಡ್ರಿ. ಇವತ್ತಿನಿಂದ ಹೊಸಾ ಮೊಗ್ಗಿಗೆ ಬಿಳೇ ದಾರ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಗುಲಾಬಬಿ ಮೆಲ್ಲಗೆ, "ನಾನೂ ಹತ್ತು ಬಿಚ್ಚೇನ್ರಿ," ಎಂದಳು. "ಹಬ್ಬ ಅವರದಿರಬೌದು, ಹೊಲದಾಗ ದುಡಿಯಾಕಿ ನಾನೂ ಅಲ್ಲೇನು."

"ಯಾರನ್ನೂ ಬೈಯೂದಿಲ್ಲ," ಎಂದಳು ತಾರಾ. "ಕೆಲಸ ಹಚ್ಚುವಾಗ ನಾ ಹೆಂಗ ಕಟ್ಟೂದು ಅಷ್ಟೇ ಹೇಳಿದೆ. ಯಾತಕ್ಕಂತ ಹೇಳಲಿಲ್ಲ."

* * *

ಇದರ ಬೆಲೆ ಏನು ಎಂಬುದು ಮಾರ್ತಾಂಡನಿಗೆ ಆ ಸಂಜೆ ಗೊತ್ತಾಯಿತು. ಅಮೃತವ್ವನ ಕಟ್ಟೆಯ ಮೇಲೆ, ಅಮೃತವ್ವ ಒಳಗೆ ರೊಟ್ಟಿ ತಟ್ಟುವ ಸಪ್ಪಳದ ನಡುವೆ, ತಾರಾ ಒಂದೊಂದೇ ಹೇಳಿದಳು.

ಅಂದು ಅಕ್ಟೋಬರ್ ಇಪ್ಪತ್ತು. ನವೆಂಬರ್ ಒಂದಕ್ಕೆ ಈ ಸೀಮೆ ಮುಂಬಯಿ ಬಿಟ್ಟು ಮೈಸೂರು ರಾಜ್ಯ ಸೇರುತ್ತದೆ. ಗುರುವಾರ ಪುಣೆಯಿಂದ ಅನಂತರಾವ ಸಾಹೇಬರು ಕೊನೆಯ ತಪಾಸಣೆಗೆ ಬರುತ್ತಾರೆ. ಫಲಿತಾಂಶ ಚೆನ್ನಾಗಿದೆ ಎಂದು ಅವರು ಬರೆದರೆ ಹೊಲವೂ ಅವಳ ಹುದ್ದೆಯೂ ಹೊಸ ರಾಜ್ಯಕ್ಕೆ ಹೋಗುತ್ತವೆ. ಇಲ್ಲವಾದರೆ ಹುದ್ದೆ ಇಲ್ಲಿ ಮುಗಿಯುತ್ತದೆ. ಪುಣೆಯಲ್ಲಿ ಒಂದು ಖಾಲಿ ಜಾಗ ಇದೆ. ಯಾವ ಕಡೆಗೆ ಹೋಗುತ್ತೀರಿ ಎಂದು ನೌಕರರು ಫಾರ್ಮು ತುಂಬಿ ಮೂವತ್ತೊಂದರೊಳಗೆ ಗದಗಿನ ಕಚೇರಿಗೆ ಮುಟ್ಟಿಸಬೇಕು.

"ಪುಣೆ," ಎಂದ ಮಾರ್ತಾಂಡ.

"ಪುಣೆ ಛೊಲೋ ಊರು," ಎಂದಳು ತಾರಾ. ದನಿಯಲ್ಲಿ ಏನೂ ಇರಲಿಲ್ಲ. "ಲಾಯಬ್ರರಿ ಅದ. ಜೇನುಹುಳ ಕಡಿಮಿ."

ಅವನು ನಗಬೇಕೆಂದು ಅವಳು ಕಾದಂತೆ ಕಂಡಿತು. ಅವನಿಗೆ ಆಗಲಿಲ್ಲ.

"ನನ್ನ ಲೇಖನದಾಗ ನಿಮ್ಮ ಹೊಲದ ಮೂರು ವಾರದ ಕೆಲಸಕ್ಕ ಸಾವಿರ ವರ್ಷದ ಪದ್ಧತಿ ಅಂತ ಬರದೀನಿ," ಎಂದ.

ಒಳಗಿನಿಂದ ಅಮೃತವ್ವ ಕೂಗಿದಳು: "ನಾವು ಬಿಚ್ಚಿದ್ದು ಖರೇನ ಐತಲ್ರಿ ಮಾಸ್ತರ್ರ. ಬರದ್ರ ಏನಾತು?"

"ಬಿಚ್ಚಿದ್ದು ನೀವು, ಅಮೃತವ್ವ. ಕಟ್ಟಿಸಿದ್ದು ಸರಕಾರ."

"ಹಂಗಾದ್ರ ಸರಕಾರದ ಹೆಸರೂ ಹಾಕ್ರಿ."

ಈ ಸಲ ತಾರಾಳ ತುಟಿಯ ಒಂದು ತುದಿ ಅಲುಗಿತು. ಅವಳು ಬೇಗ ಮುಖ ತಿರುಗಿಸಿದಳು. ಆದರೆ ಮಾರ್ತಾಂಡ ನೋಡಿಬಿಟ್ಟಿದ್ದ. ಈ ನಗುವನ್ನು ಪುಣೆಗೆ ಕಳಿಸುತ್ತಿದ್ದೇನೆ, ನನ್ನ ಕೈಯಾರೆ ಕಳಿಸುತ್ತಿದ್ದೇನೆ ಎಂದು ಅವನಿಗೆ ಆಗ ಸ್ಪಷ್ಟವಾಗಿ ಅನ್ನಿಸಿತು.

ಭಾನುವಾರ ಅವನು ಧಾರವಾಡಕ್ಕೆ ಹೊರಟ.

* * *

ಪತ್ರಿಕೆಯ ಕಚೇರಿಯಲ್ಲಿ ಲೇಖನಕ್ಕೆ ಆಗಲೇ ಅಚ್ಚಿನ ಮೊಳೆ ಜೋಡಿಸಿ ಆಗಿತ್ತು. ಸಂಪಾದಕರಿಗೆ ಅದು ಬಹಳ ಹಿಡಿಸಿತ್ತು. ಅದು ತಪ್ಪು, ಹಾಕಬೇಡಿ ಎಂದ ಮಾರ್ತಾಂಡ.

"ಯಾರು ಹೋಗಿ ನೋಡ್ತಾರ?" ಎಂದರು. "ಹುಣ್ಣಿವಿ ಬಂತು, ಹೋತು."

"ನಾನೇ ಹೋಗಿ ನೋಡಿ ಬಂದೀನ್ರಿ. ಅದು ಸುಳ್ಳು."

"ಎರಡು ಕಾಲಂ ಖಾಲಿ ಬೀಳ್ತಾವ."

"ಏನಾತಂತ ಬರದು ಕೊಡ್ತೀನಿ. ಸಂಶೋಧಕ ಹೆಂಗ ಮೋಸ ಹೋದಾ ಅಂತ."

ಸಂಪಾದಕರು ಕನ್ನಡಕ ತೆಗೆದು ಅವನನ್ನು ನೋಡಿದರು. "ನಿಮ್ಮ ಗೈಡು ಓದ್ತಾರ, ತಿಳೀತಲ್ಲ?"

"ಓದ್ಲಿ."

ಗೈಡು ಅಚ್ಚಾಗುವುದಕ್ಕೂ ಮೊದಲೇ ಓದಿದರು. ಮಾರ್ತಾಂಡ ಕೈಬರಹದ ಪ್ರತಿಯನ್ನು ಮಂಗಳವಾರ ಅವರ ಮನೆಗೇ ಒಯ್ದು ಕೊಟ್ಟಿದ್ದ. ಅವರು ಅದನ್ನು ಎರಡು ಸಲ ಓದಿದರು. ಕೊನೆಗೆ, ಈವರೆಗೆ ಕೂಡಿಸಿದ ಹಾಡುಗಳನ್ನೆಲ್ಲ ಹಾಡಿದವರ ಬಳಿಗೆ ಮತ್ತೆ ಒಯ್ದು ತಾಳೆ ನೋಡಬೇಕು, ಅಲ್ಲಿಯವರೆಗೆ ಒಂದು ಅಧ್ಯಾಯವನ್ನೂ ತಾವು ಓದುವುದಿಲ್ಲ ಎಂದರು. ಒಂದೂವರೆ ವರ್ಷದ ಕೆಲಸ. ಅವನು ಒಪ್ಪಿ ಎದ್ದು ಬಂದ.

ಬುಧವಾರ ಮಧ್ಯಾಹ್ನ ಹಿರೇವಡ್ಡಟ್ಟಿಗೆ ಇಳಿದವನು ನೇರ ಹೊಲಕ್ಕೆ ಹೋದ. ದೂರದಿಂದಲೇ ಕೆಂಪು ಕಂಡಿತು. ಹತ್ತಿರ ಹೋದ. ಅರವತ್ತು ಗಿಡಗಳ ತುಂಬ ಕಾಯಿಗಳ ತೊಟ್ಟಿಗೆ ಕೆಂಪು ದಾರ, ಒಂದೇ ಅಳತೆ, ಒಂದೇ ಥರದ ಗಂಟು. ನಡುನಡುವೆ ಹೊಸ ಮೊಗ್ಗುಗಳಿಗೆ ಬಿಳಿ.

ತಾರಾ ಬದುವಿನ ಮೇಲಿದ್ದಳು. ತೊಡೆಯ ಮೇಲೆ ವರದಿಯ ಕಾಗದಗಳು.

"ಸೋಮವಾರ ರಿಪೋರ್ಟ್ ಟೈಪ್ ಮಾಡಸ್ಲಿಕ್ಕೆ ಗದಗಿಗೆ ಹೋಗಿದ್ದೆ," ಎಂದಳು. "ಬರೂದ್ರಾಗ ಎಂಟೂ ಮಂದಿ ಕೂಡಿ ಕಟ್ಟಿಬಿಟ್ಟಾರ. ನನ್ನ ವಹಿಯೊಳಗಿನ ಲೆಕ್ಕ ಗುಲಾಬಬಿಗೆ ಬಾಯಿಪಾಠ ಅದ. ಮುನ್ನೂರಾ ಹನ್ನೆರಡು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮಿಲ್ಲ."

"ಯಾಕ?"

"ನಾ ಪುಣೆಗೆ ಹೋಗಬಾರದಂತ. ಅಮೃತವ್ವ ಹೇಳಿದ್ಲು." ಅವಳು ಕಾಗದಗಳ ಅಂಚು ಸರಿಮಾಡಿದಳು. ಸರಿಯಾಗಿಯೇ ಇದ್ದವು; ಮತ್ತೆ ಸರಿಮಾಡಿದಳು. "ಸಾಹೇಬರು ನಾಳೆ ಬರ್ತಾರ. ಎಣಿಸ್ತಾರ, ವಹಿ ನೋಡ್ತಾರ, ಸಹಿ ಮಾಡ್ತಾರ. ಹೆಣ್ಣಮಕ್ಕಳು ಹೇಳೂದಿಲ್ಲ. ಇಲ್ಲೆ ತಪ್ಪದ ಅಂತ ಹೇಳಬಲ್ಲವರು ನಾವಿಬ್ಬರೇ."

ಗಾಳಿಗೆ ಕೆಂಪು ದಾರದ ತುದಿಗಳು ಅಲುಗಿದವು.

"ನಿಮ್ಮ ಲೇಖನ?" ಎಂದಳು.

"ಹಿಂದಕ್ಕ ತಗೊಂಡೆ. ಆದದ್ದು ಆದಂಗ ಬರದುಕೊಟ್ಟೆ." ಗೈಡು ಹೇಳಿದ್ದನ್ನೂ ಹೇಳಿದ.

"ಒಂದೂವರೆ ವರ್ಷ," ಎಂದಳು ತಾರಾ. ತಲೆ ಎತ್ತಿ ಅವನನ್ನು ನೋಡಿದಳು. ಕೊಡೆಯ ನೆಪ ಇರಲಿಲ್ಲ, ಕಾಗದದ ನೆಪ ಇರಲಿಲ್ಲ. ಪೂರ್ತಿ ನೋಡಿದಳು. "ನಾ ಏನು ಮಾಡ್ಲಿ? ನೀವು ಹೇಳ್ರಿ."

ಅವನಿಗೆ ಹೇಳಬೇಕಾದ ಮಾತು ಗೊತ್ತಿತ್ತು. ಹೇಳಬೇಡ, ಸುಮ್ಮನಿರು, ಇಲ್ಲೇ ಇರು. ಮೂರು ಮಾತು ಸಾಕು. ಆಮೇಲೆ ನೂರಾರು ರೈತರ ಹೊಲಕ್ಕೆ ಈ ಬೀಜ ಹೋಗುತ್ತದೆ. ಒಂದು ಗಿಡ ಎತ್ತರ, ಒಂದು ಗಿಡ ಗಿಡ್ಡ, ಒಂದರ ಎಳೆ ಉದ್ದ, ಇನ್ನೊಂದರದು ತುಂಡು. ಆಗ ಪ್ರತಿ ಸಾಲಿನಲ್ಲೂ ಇವಳಿಗೆ ಇವತ್ತಿನ ದಿನ ಕಾಣುತ್ತದೆ. ಅದರ ಪಕ್ಕದಲ್ಲಿ ತಾನೂ ಕಾಣುತ್ತೇನೆ.

"ನನ್ನ ಕೇಳಬ್ಯಾಡ್ರಿ," ಎಂದ. "ನಾ ಹೇಳೂದು ಹತ್ತಿ ಸಲುವಾಗಿ ಇರೂದಿಲ್ಲ."

ಅವಳು ಕಿವಿಯವರೆಗೆ ಕೆಂಪಾದಳು. ಬಿಸಿಲು ಎಂದುಕೊಳ್ಳುವಷ್ಟು ಬಿಸಿಲು ಆಗ ಇರಲಿಲ್ಲ.

* * *

ಅನಂತರಾವ ಸಾಹೇಬರು ಹತ್ತೂವರೆಗೆ ಜೀಪಿನಲ್ಲಿ ಬಂದರು. ಐವತ್ತು ದಾಟಿದವರು, ಸಣಕಲು ಮೈ, ತಲೆಯ ಮೇಲೆ ಕರಿ ಟೋಪಿ. ಮೂಲ ಹುಲಕೋಟಿಯವರಾದ್ದರಿಂದ ಕನ್ನಡದಲ್ಲೇ ಮಾತಾಡಿದರು.

"ಸಂಬಂಧ ಇಲ್ದವರು ದೂರ ನಿಂದರ್ರಿ," ಎಂದು ಮಾರ್ತಾಂಡನನ್ನು ನೋಡಿದರು. "ಇವರು ಯಾರು?"

"ಹಾಡಿನ ಸಂಶೋಧನಾದವ್ರರಿ," ಎಂದಳು ಗುಲಾಬಬಿ.

"ಹತ್ತಿ ಹಾಡ್ತದೇನು?" ಸಾಹೇಬರು ಉತ್ತರಕ್ಕೆ ಕಾಯದೆ ಸಾಲಿನೊಳಗೆ ಹೋದರು.

ಅವರು ಎಣಿಸುವವರೇ. ಒಂದೊಂದು ಗಿಡಕ್ಕೆ ಬಗ್ಗಿದರು, ನಂಬರು ಓದಿದರು, ವಹಿಯೊಂದಿಗೆ ತಾಳೆ ನೋಡಿದರು. ಹೆಂಗಸರು ಬದುವಿನ ಮೇಲೆ ಸಾಲಾಗಿ ಕುಳಿತಿದ್ದರು. ಮೂವತ್ತು ಗಿಡ ಮುಗಿಯಿತು. ನಲವತ್ತು. ಮಾರ್ತಾಂಡ ತಾರಾಳ ಬೆನ್ನನ್ನಷ್ಟೇ ನೋಡುತ್ತಿದ್ದ. ನೆಟ್ಟಗಿತ್ತು.

ಅರವತ್ತೂ ಮುಗಿದ ಮೇಲೆ ಸಾಹೇಬರು ನೆಟ್ಟಗಾಗಿ ಸೊಂಟ ಹಿಡಿದುಕೊಂಡರು.

"ನನ್ನ ಸರ್ವಿಸಿನಾಗ ಇಷ್ಟು ಸ್ವಚ್ಛ ಹೊಲ ಎರಡು ನೋಡೀನಿ," ಎಂದರು. "ಇದು ಎರಡನೇದು. ಒಂದು ಮಾತು. ಇಪ್ಪತ್ತನೇ ತಾರೀಖಿನಿಂದ ಬಿಳೇ ದಾರ ಯಾಕ?"

ಹೆಂಗಸರು ತಾರಾಳ ಕಡೆ ನೋಡಿದರು.

"ಕೆಂಪು ತೀರಿತ್ರಿ ಸಾಹೇಬರ," ಎಂದಳು ಅಮೃತವ್ವ. ಕಣ್ಣು ಮಿಟುಕಿಸಲಿಲ್ಲ. "ಅಂಗಡ್ಯಾಗ ಬಿಳೇದ ಇತ್ತು."

ಸಾಹೇಬರು ತಲೆಯಾಡಿಸಿ ಜೇಬಿನಿಂದ ಪೆನ್ನು ತೆಗೆದರು. ವರದಿಯ ಕೊನೆಯ ಹಾಳೆ ತಿರುವಿ ಜೀಪಿನ ಬಾನೆಟ್ಟಿನ ಮೇಲಿಟ್ಟರು. ತಾರಾ ಒಂದು ಹೆಜ್ಜೆ ಮುಂದೆ ಬಂದಳು.

"ಸಹಿ ಮಾಡಬ್ಯಾಡ್ರಿ."

ಪೆನ್ನು ನಿಂತಿತು.

"ಕೆಂಪು ತೀರಿಲ್ಲ. ಹುಣ್ಣಿವಿ ದಿನ ಎಲ್ಲಾ ದಾರ ಬಿಚ್ಚಿ ಹೋಗಿದ್ವು. ಸೋಮವಾರ ಅಂದಾಜಿನಮ್ಯಾಲೆ ಮತ್ತ ಕಟ್ಟಿದ್ದು ಇವು. ಕೆಂಪು ದಾರದ ಒಂದು ಕಾಯೀನೂ ನಂಬ್ಲಿಕ್ಕೆ ಬರೂದಿಲ್ಲ. ಬಿಳೇದು ಮಾತ್ರ ಖರೆ."

"ಬಿಚ್ಚಿದವರು ಯಾರು?"

"ತಪ್ಪು ನಂದು," ಎಂದಳು ತಾರಾ. "ಯಾತಕ್ಕ ಕಟ್ಟೂದು ಅಂತ ನಾ ಯಾರಿಗೂ ಹೇಳಿರಲಿಲ್ಲ."

"ನಂದೂ ಅದ," ಎಂದ ಮಾರ್ತಾಂಡ, ದೂರ ನಿಂತಿದ್ದವನು ಹತ್ತಿರ ಬಂದು. "ನಾನೂ ನಾಕು ಬಿಚ್ಚೀನಿ. ನಾ ಹಾಡು ಬರಕೋತ ನಿಂತದ್ದಕ್ಕ ಇವರು ಒಂದೂ ಬಿಡದಂಗ ಬಿಚ್ಚಿದ್ರು. ಬಿಚ್ಚಿದ್ದನ್ನ ಎಣಿಸಿ ಲಕೋಟ್ಯಾಗ ಇಟ್ಟುಕೊಂಡಾಂವ ನಾನು."

"ಸುಳ್ಳ ಯಾಕ ಹಂಚಗೋತೀರೋ," ಎಂದಳು ಅಮೃತವ್ವ ಎದ್ದು ನಿಂತು. "ಬಿಚ್ಚಿದಾಕಿ ನಾನು. ಮತ್ತ ಕಟ್ಟಿಸಿದಾಕೀನೂ ನಾನು. ಈ ಮಾಸ್ತರ್ರಿಗೆ ಗಂಟು ಬಿಚ್ಚಾಕ ಬರೂದಿಲ್ರಿ, ನಾಕಕ್ಕ ಅರ್ಧಾ ತಾಸು ತಗೊಂಡ್ರು."

ಗುಲಾಬಬಿ ಕಿಸಕ್ಕೆಂದಳು. ತಕ್ಷಣ ಬಾಯಿ ಮುಚ್ಚಿಕೊಂಡಳು.

ಸಾಹೇಬರು ಪೆನ್ನಿನ ಟೋಪಿ ಹಾಕಿದರು. ಬಹಳ ಹೊತ್ತು ಗಿಡಗಳನ್ನು ನೋಡಿದರು.

"ನೀವು ಹೇಳದಿದ್ರ ನನಗ ತಿಳೀತಿರಲಿಲ್ಲ," ಎಂದರು ತಾರಾಳಿಗೆ. "ಹೇಳಿದ್ರಿ. ಈಗ ನಾ ತಿಳೀಲಾರದಂಗ ಇರ್ಲಿಕ್ಕೆ ಬರೂದಿಲ್ಲ. ಫಲಿತಾಂಶ ಇಲ್ಲ ಅಂತ ಬರೀತೀನಿ. ಬಿಳೇ ದಾರದ ಕಾಯಿ ಕಾಯ್ಲಿಕ್ಕೆ ಕೂಲಿ ಮಾರ್ಚಿನತನಕ ಮೊದ್ಲೇ ಮಂಜೂರಾಗೇದ, ಇವರು ಕಾಯಲಿ. ಆ ಬೀಜ ಹೊಸಾ ಸರಕಾರದವರಿಗೆ ಬೇಕಾದ್ರ ಬಿತ್ತತಾರ, ಬ್ಯಾಡಾದ್ರ ಇಲ್ಲ. ನಿಮ್ಮ ಹುದ್ದೆ ನಾ ದಾಟಸ್ಲಿಕ್ಕೆ ಆಗೂದಿಲ್ಲ."

"ತಿಳೀತ್ರಿ."

"ಪುಣೆಗೆ ಬರ್ರಿ. ಸೋಮವಾರ ಖುರ್ಚಿ ತಯಾರ ಇರ್ತದ. ನಿಮ್ಮಂಥವರು ನನಗ ಬೇಕು. ಈ ಕಡೆ ಅಂತ ಬರದ್ರ ಖುರ್ಚೀನೂ ಇಲ್ಲ, ಗ್ಯಾರಂಟೀನೂ ಇಲ್ಲ. ಫಾರ್ಮು ನಿಮ್ಮ ಕಡೆ ಅದಲ್ಲ?"

"ಅದರಿ."

ಜೀಪು ಹೋಯಿತು, ಧೂಳು ಕೂತಿತು. ಆಮೇಲೆ ಅಮೃತವ್ವ ಮೊದಲ ಸಾಲಿಗೆ ಹೋಗಿ ಕುಳಿತು ಕೆಂಪು ದಾರ ಬಿಚ್ಚತೊಡಗಿದಳು. ಉಳಿದ ಏಳು ಜನ ಹಿಂದೆ ಹೋದರು. ಈ ಸಲ ಯಾರೂ ಹಾಡಲಿಲ್ಲ.

* * *

ಶುಕ್ರವಾರದಿಂದ ಭಾನುವಾರದವರೆಗೆ ತಾರಾ ಮಾರ್ತಾಂಡನಿಗೆ ಸಿಗಲಿಲ್ಲ. ಹೊಲದಲ್ಲಿದ್ದಾಳೆ ಎಂದರು ಹೆಂಗಸರು. ಹೊಲಕ್ಕೆ ಹೋದರೆ ಮನೆಯಲ್ಲಿದ್ದಾಳೆ ಎಂದರು. ಎಂಟು ಜನ ಒಂದೇ ಬಾಯಿಯಿಂದ ಸುಳ್ಳು ಹೇಳುವಾಗ ಅದಕ್ಕೊಂದು ಕಾರಣ ಇರಬೇಕು ಎಂದು ಅವನಿಗೆ ಅನ್ನಿಸಿತು. ಪುಣೆಗೆ ಗಂಟುಮೂಟೆ ಕಟ್ಟುತ್ತಿರಬೇಕು ಎಂಬುದು ಬಿಟ್ಟರೆ ಬೇರೆ ಕಾರಣ ಅವನಿಗೆ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ಹಾಡುಗಳ ವಹಿಗಳನ್ನು ಚೀಲಕ್ಕೆ ತುಂಬಿ ಬಸ್ಸಿಗೆ ಬಂದ. ಮೊದಲು ಗದಗು, ಅಲ್ಲಿಂದ ಶಿರಹಟ್ಟಿ. ಹಾಡಿದವರ ಮನೆಮನೆಗೆ ಮತ್ತೆ ಹೋಗಿ ತಾಳೆ ನೋಡುವ ಕೆಲಸ ಇವತ್ತಿನಿಂದ ಶುರು. ತಾರಾ ಬೇವಿನ ಮರದ ಕೆಳಗೆ ನಿಂತಿದ್ದಳು. ಚೀಲ ಇರಲಿಲ್ಲ. ಕೈಯಲ್ಲಿ ಮಡಿಚಿದ ಒಂದು ಹಾಳೆ.

"ಗದಗಿಗೆ ಹೊಂಟೀರಲ್ಲ," ಎಂದಳು. "ಇದನ್ನ ಕಚೇರಿಗೆ ಮುಟ್ಟಸ್ರಿ. ಇವತ್ತ ಮುಟ್ಟಬೇಕು."

"ನೀವು ಬರೂದಿಲ್ಲೇನು?"

"ಸಂಜೀಕೆ ಮೊಗ್ಗು ಕಟ್ಟೂದದ."

ಅವನು ಹಾಳೆಯನ್ನು ಮಡಿಕೆ ಬಿಚ್ಚದೆ ಅಂಗಿಯ ಜೇಬಿಗಿಟ್ಟುಕೊಂಡ. ಬಸ್ಸಿನ ಹಾರ್ನು ಕೇಳಿಸಿತು. ತಾರಾ ಕಾದಳು. ಅವನು ರಸ್ತೆ ನೋಡುತ್ತಿದ್ದ. ಅವಳ ಮುಖ ನೋಡುವ ಧೈರ್ಯ ಇರಲಿಲ್ಲ.

"ಏನ್ ಮನಷ್ಯಾರ್ರಿ ನೀವು," ಎಂದಳು ಕೊನೆಗೆ. "ಓಣಿ ಓಣಿ ತಿರುಗಿ ಮಂದಿ ಮನಸ್ಸಿನಾಗಿಂದು ಬರಕೊಂಡು ಬರ್ತೀರಿ. ಕೈಯಾಗ ಕೊಟ್ಟ ಕಾಗದ ಓದೂದಿಲ್ಲ?"

"ಕಚೇರಿ ಕಾಗದ ಅಲ್ಲೇನ್ರಿ..."

"ಓದ್ರಿ."

ಅವನು ಬಿಚ್ಚಿದ. ಹೆಸರು. ಹುದ್ದೆ. ಈಗಿನ ಸ್ಥಳ. ಹೋಗಲಿಚ್ಛಿಸುವ ರಾಜ್ಯ ಎಂಬಲ್ಲಿ, ಅವಳ ಸಣ್ಣ ನೇರ ಅಕ್ಷರದಲ್ಲಿ, ಮೈಸೂರು. ಅದರ ಕೆಳಗೆ, ಇಚ್ಛೆಗೆ ಕಾರಣ ಎಂಬ ಸಾಲು. ಅಲ್ಲಿ ಬರೆದಿದ್ದಳು:

ವಿವಾಹ. ವರನಿಗೆ ಇನ್ನೂ ತಿಳಿಸಿಲ್ಲ.

ಬಸ್ಸು ಬಂದು ನಿಂತಿತು. ದಾದಾಪೀರ ಬಾಗಿಲು ತೆರೆದು, ಇಬ್ಬರನ್ನೂ ನೋಡಿ, ಏನೋ ಹೇಳಲು ಬಾಯಿ ತೆರೆದವನು ಸುಮ್ಮನಾದ.

ಮಾರ್ತಾಂಡ ಆ ಸಾಲನ್ನು ಮೂರು ಸಲ ಓದಿದ. "ಮನಿಯೊಳಗ?" ಎಂದ.

"ಶುಕ್ರವಾರ ಬೆಟಗೇರಿಗೆ ಹೋಗಿದ್ದೆ, ನಿನ್ನೆ ರಾತ್ರಿ ಬಂದೆ. ಹೇಳಿ ಬಂದೀನಿ. ಅಪ್ಪ, ನೌಕರಿ ಇಲ್ಲದಾಕಿ, ಡಾಕ್ಟರೇಟ್ ಇಲ್ಲದಾಂವ, ಛೊಲೋ ಜೋಡಿ ಅಂದ್ರು. ಅವರು ಹಂಗಂದ್ರ ಒಪ್ಪಿಗಿ ಅಂತ ಅರ್ಥ." ಈಗ ಅವಳೂ ರಸ್ತೆಯನ್ನೇ ನೋಡುತ್ತಿದ್ದಳು. "ನಿಮಗ ಬ್ಯಾಡಾದ್ರ ಆ ಹಾಳಿ ಹರೀರಿ. ನನ್ನ ಕಡೆ ಇನ್ನೊಂದು ಫಾರ್ಮದ."

"ಇದರಾಗ ಒಂದು ತಪ್ಪದ," ಎಂದ ಮಾರ್ತಾಂಡ.

ಅವಳು ಸರಕ್ಕನೆ ತಿರುಗಿದಳು. "ಎಲ್ಲೆ?"

"ಇಲ್ಲೆ. ಇನ್ನೂ ತಿಳಿಸಿಲ್ಲ ಅಂತ ಅದ. ಈಗ ತಿಳೀತಲ್ಲ."

ಅವಳು ಅವನನ್ನು ನೋಡಿದಳು. ಜೇಬಿನಿಂದ ಅವನು ತೆಗೆದ ಪೆನ್ನನ್ನು ಕಸಿದುಕೊಂಡು, ಹಾಳೆಯನ್ನು ಬೇವಿನ ಬೊಡ್ಡೆಗೆ ಒತ್ತಿ, ಆ ಮೂರು ಶಬ್ದಗಳ ಮೇಲೆ ಒಂದು ಗೆರೆ ಎಳೆದಳು. ಗೆರೆ ಸ್ವಲ್ಪ ಸೊಟ್ಟಗಾಯಿತು. ಪಕ್ಕದಲ್ಲಿ ಸಹಿ ಮಾಡಿ ತಾರೀಖು ಹಾಕಿದಳು.

"ಸರಕಾರಿ ಕಾಗದದಾಗ ತಿದ್ದಿದ್ರ ಸಾಕ್ಷಿ ಸಹಿ ಬೇಕಾಗ್ತದ," ಎಂದು ಪೆನ್ನನ್ನು ಅವನಿಗೆ ಚಾಚಿದಳು.

ಅವನು ಅವಳ ಹೆಸರಿನ ಕೆಳಗೆ ತನ್ನ ಹೆಸರು ಬರೆದ. ಹೊರಡಲೆಂದು ಎರಡು ಸಲ ಗಂಟೆ ಬಾರಿಸಿದ ದಾದಾಪೀರ, ಇಬ್ಬರನ್ನೂ ಇನ್ನೊಮ್ಮೆ ನೋಡಿ, ಮತ್ತೆ ಒಂದು ಸಲ ಬಾರಿಸಿ ಬಸ್ಸು ನಿಲ್ಲಿಸಿಕೊಂಡ.